ಲಾರಿ ಹೊತ್ತ ಭಾರ, ಚಾಲಕ ಹೊತ್ತ ಹೊಣೆ

ಊರಿನಿಂದ ಆಸ್ಟ್ರೇಲಿಯಾ, ಕೆನಡಾಗಳಿಗೆ ಬರುವ ಫೋನ್ ಕರೆಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ಮೊದಲೆಲ್ಲ ಸಾಫ್ಟ್‌ವೇರ್ ಕೆಲಸ, ನರ್ಸಿಂಗ್ ಕೋರ್ಸ್, ಎಂ.ಎಸ್. ಸೀಟು ಇವುಗಳ ವಿಚಾರ ಕೇಳುತ್ತಿದ್ದರು. ಈಗ, ‘ಅಲ್ಲಿ ಲಾರಿ ಓಡಿಸಿದರೆ ತಿಂಗಳಿಗೆ ಇಷ್ಟು ಲಕ್ಷ ಬರುತ್ತದಂತೆ, ನಿಜವೇ? ನಮ್ಮ ಹುಡುಗ ಹತ್ತು ವರ್ಷ ಟಿಪ್ಪರ್ ಓಡಿಸಿದ್ದಾನೆ, ಅವನಿಗೊಂದು ದಾರಿ ಮಾಡಿಕೊಡಲಾದೀತೆ?’ ಎಂದು ಕೇಳುತ್ತಾರೆ. ಕೇಳುವವರಲ್ಲಿ ತಪ್ಪೇನೂ ಇಲ್ಲ. ದೂರದೂರಗಳ ನಡುವೆ ಸರಕು ಸಾಗಿಸುವ ಈ ದೇಶಗಳಲ್ಲಿ ಚಾಲಕರ ಕೊರತೆ ಇದೆ. ದುಡಿಮೆಗೆ ತಕ್ಕ ಸಂಬಳವೂ ಇದೆ. ಆದರೆ ಸಂಬಳವನ್ನು ಕೇಳುವಷ್ಟು ಆಸಕ್ತಿಯಿಂದ ಹೊಣೆಯನ್ನು ಯಾರೂ ಕೇಳುವುದಿಲ್ಲ. ಸ್ಟೇರಿಂಗ್ ಹಿಡಿಯುವ ಕೌಶಲ ಎಲ್ಲ ದೇಶಗಳಲ್ಲೂ ಬಹುಮಟ್ಟಿಗೆ ಒಂದೇ. ಸ್ಟೇರಿಂಗ್ ಹಿಡಿದವನ ಬೆನ್ನ ಹಿಂದೆ ಎಷ್ಟು ಟನ್ ಇದೆ, ಅದನ್ನು ಹೇರಿದವರು ಯಾರು, ಅನಾಹುತವಾದರೆ ಕಾನೂನಿಗೆ ಉತ್ತರಿಸಬೇಕಾದವರು ಯಾರು ಎಂಬ ಪ್ರಶ್ನೆಗಳ ಉತ್ತರ ಮಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆ ವ್ಯತ್ಯಾಸವನ್ನು ವಿಮಾನ ಹತ್ತುವ ಮುನ್ನವೇ ತಿಳಿದಿರುವುದು ಒಳ್ಳೆಯದು.

ನಮ್ಮ ಕಡೆ ಲಾರಿಯ ತೂಕವೆಂದರೆ ಚೌಕಾಸಿಯ ವಸ್ತು. ಕ್ವಾರಿಯಲ್ಲಿ ಜಲ್ಲಿ ತುಂಬುವವನಿಗೆ ಪರವಾನಗಿಯ ಅಂಕಿಗಿಂತ ಬಾಡಿಯ ಎತ್ತರವೇ ಅಳತೆ. ಮಾಲೀಕನಿಗೆ ಎರಡು ಟ್ರಿಪ್ಪಿನ ಸರಕು ಒಂದೇ ಟ್ರಿಪ್ಪಿನಲ್ಲಿ ಹೋದರೆ ಡೀಸೆಲ್ ಉಳಿಯಿತು ಎಂಬ ಲೆಕ್ಕ. ದಾರಿಯಲ್ಲಿ ತಡೆದರೆ ಕೊಡಲೆಂದು ಚಾಲಕನ ಕೈಗೆ ಖರ್ಚಿನ ದುಡ್ಡಿನ ಜೊತೆಗೇ ಮಾಮೂಲಿಯ ದುಡ್ಡೂ ಬಂದಿರುತ್ತದೆ. ಬಳ್ಳಾರಿ ಭಾಗದ ಅದಿರು ಲಾರಿಗಳ ಕಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಕಾಯುಕ್ತರಾಗಿದ್ದ ಎನ್. ಸಂತೋಷ್ ಹೆಗ್ಡೆ ಅವರು 2008 ಮತ್ತು 2011ರಲ್ಲಿ ಸಲ್ಲಿಸಿದ ಗಣಿ ವರದಿಗಳಲ್ಲಿ ಅಕ್ರಮ ಗಣಿಗಾರಿಕೆಯ ಜೊತೆಗೆ ಅಧಿಕ ಭಾರದ ಸಾಗಣೆಯೂ ಚರ್ಚೆಗೆ ಬಂದಿತ್ತು. ರಸ್ತೆಗಳು ಪುಡಿಯಾದವು, ಹಾದಿಬದಿಯ ಊರುಗಳು ಕೆಂಪು ಧೂಳಿನಲ್ಲಿ ಮುಳುಗಿದವು. ಅಷ್ಟೆಲ್ಲ ಆಗುವಾಗಲೂ ತನಿಖಾ ಠಾಣೆಗಳು ಇದ್ದವು, ತೂಕದ ಯಂತ್ರಗಳೂ ಇದ್ದವು.

ಕಾನೂನು ಇರಲಿಲ್ಲವೆಂದು ಹೇಳುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ತೂಕದ ಮಿತಿಯನ್ನು ವಿಧಿಸುತ್ತದೆ. 114ನೇ ಸೆಕ್ಷನ್ ವಾಹನವನ್ನು ತಡೆದು ತೂಗಿಸುವ ಅಧಿಕಾರ ಕೊಡುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಸೆಕ್ಷನ್ ಅಧಿಕ ಭಾರಕ್ಕೆ 20,000 ರೂಪಾಯಿ ದಂಡವನ್ನೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಹೇಳುತ್ತದೆ. ಹೆಚ್ಚಿನ ಸರಕನ್ನು ಇಳಿಸುವ ತನಕ ವಾಹನ ಮುಂದೆ ಹೋಗಬಾರದು ಎಂಬ ಮಾತೂ ಅಲ್ಲಿದೆ. ತೂಕಕ್ಕೆ ನಿಲ್ಲಿಸದೆ ಹೋದ ಚಾಲಕನಿಗೆ 40,000 ರೂಪಾಯಿ ದಂಡ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸಿಲ್ಲ. ಅದೇ ಸೆಕ್ಷನ್ ವಾಹನ ‘ಓಡಿಸಿದವನ’ ಜೊತೆಗೆ ‘ಓಡಿಸಲು ಕಾರಣನಾದವನನ್ನೂ, ಓಡಿಸಲು ಬಿಟ್ಟವನನ್ನೂ’ ತಪ್ಪಿತಸ್ಥನೆಂದೇ ಎಣಿಸುತ್ತದೆ. ಅಂದರೆ ಮಾಲೀಕನನ್ನು ಹಿಡಿಯಲು ಬೇಕಾದ ಮಾತು ನಮ್ಮ ಕಾಯ್ದೆಯಲ್ಲೇ ಇದೆ. ಆದರೆ ಅಪಘಾತವಾದ ಮರುದಿನ ಪತ್ರಿಕೆ ತೆರೆದರೆ ಕಾಣುವ ವಾಕ್ಯ ಬಹುತೇಕ ಒಂದೇ: ‘ಚಾಲಕನ ಅಜಾಗರೂಕತೆಯೇ ಘಟನೆಗೆ ಕಾರಣ.’ ಸರಕು ಹೇರಿಸಿದವನ ಹೆಸರು ಎಫ್‌ಐಆರ್‌ನಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

2025ರ ಜನವರಿ 22ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರದ ಬಳಿ ಕಣಿವೆಗೆ ಉರುಳಿತು. ಸರಕಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿಗಳು ಕುಳಿತಿದ್ದರು. ಹತ್ತು ಜನ ಸತ್ತರು. ಚಾಲಕನು ಆ ಕ್ಷಣದಲ್ಲಿ ಏನು ಮಾಡಿದ ಎಂಬುದನ್ನು ಕೇಳಲೇಬೇಕು. ಆದರೆ ಸರಕಿನ ಲಾರಿಯ ಮೇಲೆ ಅಷ್ಟು ಜನ ಹತ್ತಿ ಕುಳಿತು ಜಿಲ್ಲೆಯಿಂದ ಜಿಲ್ಲೆಗೆ ಘಟ್ಟ ಇಳಿಯುವುದು ವಾರವಾರವೂ ಸಹಜವಾಗಿ ನಡೆಯುತ್ತಿದ್ದ ವ್ಯವಸ್ಥೆಯ ಬಗ್ಗೆ ಯಾರನ್ನು ಕೇಳಬೇಕು? ಆ ಪ್ರಶ್ನೆಗೆ ಉತ್ತರಿಸುವ ಮೊದಲೇ ಸುದ್ದಿ ಹಳತಾಗುತ್ತದೆ.

ಅಧಿಕ ಭಾರವೆಂಬುದು ಬರೀ ನಿಯಮದ ಉಲ್ಲಂಘನೆಯಲ್ಲ. ಚಲಿಸುವ ವಾಹನದ ಶಕ್ತಿ ಅದರ ತೂಕದೊಡನೆ ಏರುತ್ತದೆ. ನಿಲ್ಲಿಸುವಾಗ ಆ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಶಿರಾಡಿಯೋ ಚಾರ್ಮಾಡಿಯೋ ಇಳಿಯುವ ಲಾರಿಯ ಬ್ರೇಕ್ ಲೈನರ್‌ಗಳು ಕಾದು ಹಿಡಿತ ಕಳೆದುಕೊಳ್ಳುವುದು ಹೀಗೆ. ಸರಕಿನ ರಾಶಿ ಎತ್ತರವಾದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಮಗುಚಿ ಬೀಳಲು ಅಷ್ಟೇ ಕಡಿಮೆ ವೇಗ ಸಾಕು. ಟೈರಿನ ಒಳಮೈ ಕಾದು ಸಿಡಿಯುತ್ತದೆ. ರಸ್ತೆಗಾಗುವ ಪೆಟ್ಟಿನ ಲೆಕ್ಕ ಇನ್ನೂ ಕಠೋರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1950ರ ದಶಕದ ಕೊನೆಗೆ ನಡೆದ ದೊಡ್ಡ ಪ್ರಯೋಗದಿಂದ ಇಂಜಿನಿಯರುಗಳು ಕಂಡುಕೊಂಡ ಸೂತ್ರದಂತೆ, ಅಚ್ಚಿನ ಮೇಲಿನ ಭಾರ ಹೆಚ್ಚಿದರೆ ರಸ್ತೆಯ ಸವೆತ ಸುಮಾರಾಗಿ ಅದರ ನಾಲ್ಕನೇ ಘಾತದಷ್ಟು ಹೆಚ್ಚುತ್ತದೆ. ಶೇ 20ರಷ್ಟು ಹೆಚ್ಚು ಹೇರಿದ ಅಚ್ಚು ರಸ್ತೆಯನ್ನು ಎರಡು ಪಟ್ಟು ತಿನ್ನುತ್ತದೆ. ಎರಡರಷ್ಟು ಹೇರಿದರೆ ಹದಿನಾರು ಪಟ್ಟು. ಮಾಲೀಕ ಉಳಿಸಿದ ಡೀಸೆಲ್ಲಿನ ಬೆಲೆಯನ್ನು ಹೊಂಡ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸುವವನು ತೆರುತ್ತಾನೆ.

ಇನ್ನು ಆಸ್ಟ್ರೇಲಿಯಾದ ಹೆದ್ದಾರಿಗೆ ಬರೋಣ. ಸಿಡ್ನಿಯಿಂದ ಮೆಲ್ಬರ್ನ್ ಕಡೆಗೆ ಹೋಗುವ ಹ್ಯೂಮ್ ಹೆದ್ದಾರಿಯಲ್ಲಿ ಮರೂಲನ್ ಎಂಬ ಊರಿದೆ. ಅಲ್ಲಿ ಭಾರಿ ವಾಹನಗಳ ತಪಾಸಣಾ ಕೇಂದ್ರವಿದೆ. ಸೂಚನೆ ಕಂಡ ಲಾರಿ ಒಳಗೆ ತಿರುಗಲೇಬೇಕು. ಅಚ್ಚು ಅಚ್ಚಾಗಿ ತೂಗುತ್ತಾರೆ, ಬ್ರೇಕ್ ನೋಡುತ್ತಾರೆ, ಚಾಲಕನ ಕೆಲಸದ ಡೈರಿ ತೆರೆಯುತ್ತಾರೆ. ಇಂಥ ಕೇಂದ್ರಗಳ ಆಚೆಗೂ ಹೆದ್ದಾರಿಯ ಮೇಲಿನ ಕ್ಯಾಮೆರಾಗಳು ಭಾರಿ ವಾಹನಗಳ ನಂಬರನ್ನು ಓದುತ್ತಿರುತ್ತವೆ. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬಂದ ಹೊತ್ತನ್ನು ಲೆಕ್ಕ ಹಾಕಿದರೆ ವೇಗವೂ ತಿಳಿಯುತ್ತದೆ, ವಿಶ್ರಾಂತಿ ಪಡೆದದ್ದು ನಿಜವೋ ಸುಳ್ಳೋ ಎಂಬುದೂ ತಿಳಿಯುತ್ತದೆ.

ಇಲ್ಲಿನ ತೂಕದ ಲೆಕ್ಕವನ್ನು ಊರಿನ ಅನುಭವಸ್ಥ ಚಾಲಕನೂ ಹೊಸದಾಗಿ ಕಲಿಯಬೇಕು. ಆರು ಅಚ್ಚಿನ ಸಾಮಾನ್ಯ ಸೆಮಿಟ್ರೈಲರ್‌ಗೆ ಸಾಮಾನ್ಯ ಮಿತಿ 42.5 ಟನ್. ಮುಂದಿನ ಅಚ್ಚಿಗೆ 6 ಟನ್, ನಡುವಿನ ಜೋಡಿ ಅಚ್ಚಿಗೆ 16.5 ಟನ್, ಹಿಂದಿನ ಮೂರು ಅಚ್ಚಿನ ಗುಂಪಿಗೆ 20 ಟನ್. ಒಟ್ಟು ತೂಕ ಮಿತಿಯೊಳಗಿದ್ದು, ಸರಕು ಹಿಂದಕ್ಕೆ ಸರಿದು ಹಿಂದಿನ ಗುಂಪು ಮಾತ್ರ 21.5 ಟನ್ ತೋರಿದರೂ ಅದು ಅಪರಾಧವೇ. ಭಾರತದಲ್ಲಿ 2018ರಲ್ಲಿ ಕೇಂದ್ರ ಸರ್ಕಾರ ಅಚ್ಚಿನ ಮಿತಿಗಳನ್ನು ಏರಿಸಿ, ಎಂಟು ಟೈರಿನ ಜೋಡಿ ಅಚ್ಚಿಗೆ 19 ಟನ್ ಇದ್ದುದನ್ನು 21 ಟನ್ ಮಾಡಿತು. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಜೋಡಿ ಅಚ್ಚಿಗೆ 34,000 ಪೌಂಡ್, ಎಂದರೆ ಸುಮಾರು 15.4 ಟನ್ ಮಾತ್ರ. ಊರಿನಲ್ಲಿ ಕಾನೂನುಬದ್ಧವೆನಿಸಿಕೊಂಡ ಭಾರವೇ ಈ ದೇಶಗಳಲ್ಲಿ ತೀವ್ರ ಉಲ್ಲಂಘನೆಯ ಸಾಲಿಗೆ ಬರುತ್ತದೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಮಿತಿಯ ಶೇ 120 ಮುಟ್ಟಿದರೆ ಅದು ಅತ್ಯಂತ ಗಂಭೀರ ದರ್ಜೆ. ‘ನಮ್ಮಲ್ಲಿ ಇದಕ್ಕಿಂತ ಹೆಚ್ಚು ಹೊತ್ತಿದ್ದೇವೆ’ ಎಂಬ ಹೆಮ್ಮೆ ಇಲ್ಲಿ ಅನುಭವವೆಂದು ಪರಿಗಣಿತವಾಗದು.

ಆದರೂ ತೂಕದ ಕಟ್ಟುನಿಟ್ಟಿಗಿಂತ ಮುಖ್ಯವಾದದ್ದು ಹೊಣೆಯ ಹಂಚಿಕೆ. 2014ರ ಫೆಬ್ರುವರಿಯಿಂದ ಆಸ್ಟ್ರೇಲಿಯಾದ ಪೂರ್ವ ಮತ್ತು ದಕ್ಷಿಣದ ರಾಜ್ಯಗಳಲ್ಲಿ ಭಾರಿ ವಾಹನಗಳ ರಾಷ್ಟ್ರೀಯ ಕಾನೂನು ಜಾರಿಯಲ್ಲಿದೆ; ಪಶ್ಚಿಮ ಆಸ್ಟ್ರೇಲಿಯಾ ಮತ್ತು ಉತ್ತರ ಪ್ರಾಂತ್ಯ ಅದರ ಹೊರಗಿದ್ದು ತಮ್ಮದೇ ನಿಯಮಗಳನ್ನು ಇಟ್ಟುಕೊಂಡಿವೆ. ಈ ಕಾನೂನಿನ ನಡುಬೆನ್ನು ‘ಹೊಣೆಯ ಸರಪಳಿ’ ಎಂಬ ಕಲ್ಪನೆ. ಚಾಲಕನಿಗೆ ತನ್ನದೇ ಹೊಣೆ ಇದ್ದೇ ಇದೆ. ಅವನಲ್ಲದೆ ಕೆಲಸಕ್ಕೆ ಇಟ್ಟುಕೊಂಡವನು, ಮುಖ್ಯ ಗುತ್ತಿಗೆದಾರ, ವಾಹನ ನಡೆಸುವ ಸಂಸ್ಥೆ, ವೇಳಾಪಟ್ಟಿ ಹಾಕುವವನು, ಸರಕು ಕಳಿಸುವವನು, ಸರಕು ಪಡೆಯುವವನು, ಕಟ್ಟುವವನು, ಹೇರುವ ಕೆಲಸದ ಮೇಲ್ವಿಚಾರಕ, ಹೇರುವವನು, ಇಳಿಸುವವನು ಎಂಬ ಹತ್ತು ಪಾತ್ರಗಳನ್ನು ಕಾನೂನು ಹೆಸರಿಸುತ್ತದೆ. ತನ್ನ ಕೈಯಲ್ಲಿದ್ದಷ್ಟರ ಮಟ್ಟಿಗೆ ಪ್ರತಿಯೊಬ್ಬನೂ ಸುರಕ್ಷತೆಗೆ ಉತ್ತರಿಸಬೇಕು. 2018ರ ಅಕ್ಟೋಬರ್ 1ರಿಂದ ಇದು ಇನ್ನಷ್ಟು ಬಿಗಿಯಾಯಿತು. ಅಪಘಾತವಾಗುವ ತನಕ ಕಾಯಬೇಕಿಲ್ಲ. ಅಪಾಯವನ್ನು ತಡೆಯಲು ಕ್ರಮ ಕೈಗೊಳ್ಳದಿರುವುದೇ ಅಪರಾಧ. ಅತಿ ಗಂಭೀರ ದರ್ಜೆಯ ಉಲ್ಲಂಘನೆಗೆ ವ್ಯಕ್ತಿಗಳಿಗೆ ಐದು ವರ್ಷದವರೆಗೆ ಸೆರೆವಾಸ, ಕಂಪನಿಗಳಿಗೆ ಆಗ ನಿಗದಿಯಾದಂತೆ 30 ಲಕ್ಷ ಡಾಲರ್‌ವರೆಗೆ ದಂಡ.

ಇದು ಕಾಗದದ ಮೇಲಿನ ಮಾತಲ್ಲ ಎಂಬುದನ್ನು ತೋರಿಸಿದ ಪ್ರಕರಣವೊಂದು ಮೆಲ್ಬರ್ನ್‌ನಲ್ಲಿ ನಡೆಯಿತು. 2020ರ ಏಪ್ರಿಲ್ 22ರಂದು ಈಸ್ಟರ್ನ್ ಫ್ರೀವೇಯಲ್ಲಿ, ಕ್ಯೂ ಎಂಬಲ್ಲಿ, ವೇಗವಾಗಿ ಬಂದ ಕಾರೊಂದನ್ನು ಪೊಲೀಸರು ತುರ್ತು ಪಥದಲ್ಲಿ ನಿಲ್ಲಿಸಿದ್ದರು. ಹಿಂದಿನಿಂದ ಬಂದ ಸೆಮಿಟ್ರೈಲರ್ ತನ್ನ ಪಥ ಬಿಟ್ಟು ಅವರ ಮೇಲೆ ಹರಿಯಿತು. ನಾಲ್ವರು ಪೊಲೀಸರು ಸ್ಥಳದಲ್ಲೇ ಸತ್ತರು. ಚಾಲಕ ಭಾರತ ಮೂಲದವನು. ದಿನಗಟ್ಟಲೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಮಾದಕ ವಸ್ತು ಸೇವಿಸಿದ್ದ. ನ್ಯಾಯಾಲಯ 2021ರಲ್ಲಿ ಅವನಿಗೆ 22 ವರ್ಷಗಳ ಸೆರೆವಾಸ ವಿಧಿಸಿತು. ಮುಂದೆ ಮೇಲ್ಮನವಿಯಲ್ಲಿ ಅದು ಕಡಿಮೆಯಾಯಿತು. ಅಲ್ಲಿನ ಪ್ರಶ್ನೆ ತೂಕದ್ದಲ್ಲ, ದಣಿವಿನದು. ಆದರೆ ತನಿಖೆ ಚಾಲಕನಲ್ಲಿಗೆ ನಿಲ್ಲಲಿಲ್ಲ. ಆ ಸ್ಥಿತಿಯಲ್ಲಿ ಅವನನ್ನು ರಸ್ತೆಗೆ ಕಳಿಸಿದ ಮೇಲ್ವಿಚಾರಕನ ಮೇಲೆ ಮೊಕದ್ದಮೆ ಹೂಡಿದರು. ಕಂಪನಿಯ ಕಡತಗಳನ್ನು ತೆರೆದು, ಚಾಲಕರ ದಣಿವನ್ನು ಲೆಕ್ಕಿಸದೆ ಟ್ರಿಪ್ ಹಾಕುವ ಪದ್ಧತಿಯನ್ನೇ ಪರೀಕ್ಷಿಸಿದರು. ಕಂಪನಿಗೆ 20 ಲಕ್ಷ ಡಾಲರಿಗೂ ಮೀರಿದ ದಂಡ ಬಿತ್ತು. ಅದರ ಹಿರಿಯ ವ್ಯವಸ್ಥಾಪಕನೊಬ್ಬ ಜೈಲಿಗೆ ಹೋದ. ಚಾಲಕನ ಅಪರಾಧ ಇದರಿಂದ ಹಗುರವಾಗಲಿಲ್ಲ. ಆದರೆ ಕಚೇರಿಯ ಕುರ್ಚಿಯಲ್ಲಿ ಕುಳಿತು ‘ಹೋಗು’ ಎಂದವರೂ ರಸ್ತೆಯ ಮೇಲಿನ ಸಾವಿಗೆ ಉತ್ತರಿಸಬೇಕಾಯಿತು.

ವಿದೇಶವೆಂದರೆ ಎಲ್ಲ ಕಡೆಯೂ ಹೀಗೆಯೇ ನ್ಯಾಯದ ತಕ್ಕಡಿ ಸಮವಾಗಿರುತ್ತದೆ ಎಂದು ಭಾವಿಸಿದರೆ ಅದು ತಪ್ಪು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ಎಂಬ ತರುಣರ ಹಾಕಿ ತಂಡದ ಬಸ್ಸಿಗೂ ಒಂದು ಸರಕಿನ ಟ್ರಕ್ಕಿಗೂ ಅಡ್ಡರಸ್ತೆಯಲ್ಲಿ ಡಿಕ್ಕಿಯಾಯಿತು. 16 ಜನ ಸತ್ತರು, 13 ಜನ ಗಾಯಗೊಂಡರು. ಟ್ರಕ್ ಓಡಿಸುತ್ತಿದ್ದವನು ಭಾರತದಿಂದ ಹೋದ ಯುವಕ. ಕುಡಿದಿರಲಿಲ್ಲ, ಮದ್ದು ಸೇವಿಸಿರಲಿಲ್ಲ, ಫೋನಿನಲ್ಲಿ ಮಾತನಾಡುತ್ತಿರಲಿಲ್ಲ. ಹಿಂದಿನ ಟ್ರೈಲರ್‌ನ ಟಾರ್ಪಾಲು ಬಿಚ್ಚಿ ಹಾರಾಡುತ್ತಿದ್ದುದರ ಕಡೆಗೆ ಅವನ ಗಮನವಿತ್ತು. ಮುಂದಿದ್ದ ನಿಲುಗಡೆಯ ಫಲಕವನ್ನು ಕಾಣದೆ ನುಗ್ಗಿದ. ಆ ಕೆಲಸಕ್ಕೆ ಸೇರಿ ಆಗಿದ್ದದ್ದು ಕೆಲವೇ ವಾರ; ಎರಡು ವಾರ ಜೊತೆಗಾರನಿಂದ ಕಲಿತ ಮೇಲೆ ಅವನನ್ನು ಒಬ್ಬನೇ ಕಳಿಸಲಾಗಿತ್ತು. ಅವನು ತಪ್ಪೊಪ್ಪಿಕೊಂಡ. 2019ರ ಮಾರ್ಚ್‌ನಲ್ಲಿ ಎಂಟು ವರ್ಷಗಳ ಸೆರೆವಾಸವಾಯಿತು. ಅದೇ ತಿಂಗಳು, ಚಾಲಕರ ಕೆಲಸದ ದಾಖಲೆ ಮತ್ತು ಸುರಕ್ಷತಾ ನಿಯಮಗಳನ್ನು ಪಾಲಿಸದಿದ್ದುದಕ್ಕೆ ಟ್ರಕ್ ಕಂಪನಿಯ ಮಾಲೀಕನಿಗೆ ಆದ ಶಿಕ್ಷೆ 5,000 ಡಾಲರ್ ದಂಡ. ಎಂಟು ವರ್ಷ ಒಂದು ಕಡೆ, ಐದು ಸಾವಿರ ಡಾಲರ್ ಇನ್ನೊಂದು ಕಡೆ.

ಆ ಯುವಕನ ಕಥೆ ಜೈಲಿನಲ್ಲಿ ಮುಗಿಯಲಿಲ್ಲ. ಕೆನಡಾದ ವಲಸೆ ಕಾನೂನಿನ ಪ್ರಕಾರ ಆರು ತಿಂಗಳಿಗೂ ಹೆಚ್ಚಿನ ಸೆರೆವಾಸದ ಶಿಕ್ಷೆ ಪಡೆದ ಕಾಯಂ ನಿವಾಸಿ ಗಂಭೀರ ಅಪರಾಧಿ ಎನಿಸಿಕೊಂಡು ದೇಶದಲ್ಲಿರುವ ಅರ್ಹತೆ ಕಳೆದುಕೊಳ್ಳಬಹುದು. 2024ರ ಮೇ ತಿಂಗಳಲ್ಲಿ ಅವನ ಗಡೀಪಾರಿಗೆ ಆದೇಶವಾಯಿತು. ಆಸ್ಟ್ರೇಲಿಯಾದಲ್ಲೂ ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಸೆರೆವಾಸ ವಿಧಿಸಲ್ಪಟ್ಟವರ ವೀಸಾ ರದ್ದಾಗುವ ನಿಯಮವಿದೆ. ಸ್ಥಳೀಯ ಚಾಲಕ ಶಿಕ್ಷೆ ಮುಗಿಸಿ ಮನೆಗೆ ಮರಳುತ್ತಾನೆ. ವಲಸೆ ಬಂದವನು ಅದೇ ತಪ್ಪಿಗೆ ಶಿಕ್ಷೆಯ ಜೊತೆಗೆ ಮನೆಯನ್ನೂ ಕಳೆದುಕೊಳ್ಳಬಹುದು. ಹೆಂಡತಿ ಮಕ್ಕಳು ಕಟ್ಟಿಕೊಂಡ ಬದುಕು ಸಹ ಅದರೊಡನೆ ಅಲುಗಾಡುತ್ತದೆ.

ಅಮೆರಿಕದ ಉದಾಹರಣೆ ಇನ್ನೂ ತೀಕ್ಷ್ಣವಾದುದು. 2019ರ ಏಪ್ರಿಲ್‌ನಲ್ಲಿ ಕೊಲೊರಾಡೊ ರಾಜ್ಯದ ಬೆಟ್ಟದ ಇಳಿಜಾರಿನಲ್ಲಿ ಮರದ ದಿಮ್ಮಿ ಹೊತ್ತ ಟ್ರಕ್ಕಿನ ಬ್ರೇಕ್ ಹಿಡಿಯದೆ, ನಿಂತ ವಾಹನಗಳ ಸಾಲಿಗೆ ನುಗ್ಗಿ ನಾಲ್ವರು ಸತ್ತರು. ಕ್ಯೂಬಾದಿಂದ ವಲಸೆ ಬಂದಿದ್ದ ಚಾಲಕನಿಗೆ ಆಗ 23 ವರ್ಷ. ಬ್ರೇಕ್ ಕೆಟ್ಟ ವಾಹನಗಳಿಗೆಂದೇ ರಸ್ತೆ ಬದಿಯಲ್ಲಿ ಮಾಡಿದ್ದ ಏರು ದಾರಿಯನ್ನು ಅವನು ಬಳಸದೆ ಮುಂದೆ ಸಾಗಿದ ಎಂಬುದು ಆರೋಪದ ಮುಖ್ಯ ಅಂಶ. ಕಾನೂನಿನ ಲೆಕ್ಕದಲ್ಲಿ ಶಿಕ್ಷೆಗಳೆಲ್ಲ ಕೂಡಿ 110 ವರ್ಷಗಳಾದವು. ಲಕ್ಷಾಂತರ ಜನ ಸಹಿ ಹಾಕಿ ವಿರೋಧಿಸಿದ ಮೇಲೆ ರಾಜ್ಯಪಾಲರು 2021ರ ಡಿಸೆಂಬರ್ ಕೊನೆಗೆ ಅದನ್ನು ಹತ್ತು ವರ್ಷಕ್ಕೆ ಇಳಿಸಿದರು. 2025ರ ಆಗಸ್ಟ್‌ನಲ್ಲಿ ಫ್ಲಾರಿಡಾದ ಹೆದ್ದಾರಿಯಲ್ಲಿ ಭಾರತ ಮೂಲದ ಚಾಲಕನೊಬ್ಬ ನಿಷಿದ್ಧ ಜಾಗದಲ್ಲಿ ಟ್ರಕ್ ತಿರುಗಿಸಿದನೆಂಬ ಪ್ರಕರಣದಲ್ಲಿ ಮೂವರು ಸತ್ತರು. ಕೆಲವೇ ದಿನಗಳಲ್ಲಿ ಅಮೆರಿಕ ಸರ್ಕಾರ ವಾಣಿಜ್ಯ ಟ್ರಕ್ ಚಾಲಕರಿಗೆ ಕೆಲಸದ ವೀಸಾ ನೀಡುವುದನ್ನೇ ತಡೆಹಿಡಿಯಿತು. ಒಬ್ಬನ ಒಂದು ತಿರುವಿಗೆ ಎಂದೂ ಕಂಡಿರದ ಸಾವಿರಾರು ಜನರ ದಾರಿ ಮುಚ್ಚಿತು. ಇದು ನ್ಯಾಯವೇ ಎಂದು ಕೇಳಬಹುದು. ಆದರೆ ಪರದೇಶದಲ್ಲಿ ವಲಸಿಗನ ತಪ್ಪು ಅವನೊಬ್ಬನದಾಗಿ ಉಳಿಯುವುದಿಲ್ಲ ಎಂಬ ಸತ್ಯವನ್ನು ಮರೆತು ನಡೆಯುವಂತಿಲ್ಲ.

ಇಲ್ಲಿಯೇ ನಮ್ಮ ಯುವಕರ ನಿಜವಾದ ಇಕ್ಕಟ್ಟು ಶುರುವಾಗುತ್ತದೆ. ಹೊಸದಾಗಿ ಬಂದವನ ತಲೆಯ ಮೇಲೆ ಏಜೆಂಟನಿಗೆ ಕೊಟ್ಟ ಸಾಲ ಇರುತ್ತದೆ. ಕೆಲವರ ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕಿದಂತಿರುತ್ತದೆ. ಅವನನ್ನು ಎದುರು ಹಾಕಿಕೊಂಡರೆ ಕೆಲಸದ ಜೊತೆ ದೇಶವೂ ತಪ್ಪುತ್ತದೆಂಬ ಭಯ. ಕೆನಡಾದಲ್ಲಿ ಚಾಲಕನನ್ನು ನೌಕರನೆಂದು ತೋರಿಸದೆ, ಅವನ ಹೆಸರಿನಲ್ಲೇ ಒಂದು ಕಂಪನಿ ಮಾಡಿಸಿ ಗುತ್ತಿಗೆದಾರನೆಂದು ತೋರಿಸುವ ಪದ್ಧತಿ ಕುಖ್ಯಾತವಾಗಿದೆ. ಕೈಗೆ ಬರುವ ಹಣ ಮೊದಲಿಗೆ ಹೆಚ್ಚೆಂದು ಕಾಣುತ್ತದೆ. ರಜೆ, ವಿಮೆ, ಗಾಯವಾದರೆ ಪರಿಹಾರ ಇವು ಇಲ್ಲವೆಂದು ಆಮೇಲೆ ತಿಳಿಯುತ್ತದೆ. ಹೀಗಿರುವಾಗ, ‘ಇನ್ನೆರಡು ಪ್ಯಾಲೆಟ್ ಹಾಕಿಕೊಂಡು ಹೋಗು, ತೂಗುವ ಕೇಂದ್ರ ಈ ರಾತ್ರಿ ಮುಚ್ಚಿರುತ್ತದೆ’ ಎಂದರೆ ಇಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಅದರಲ್ಲೂ ಹಾಗೆನ್ನುವವನು ನಮ್ಮದೇ ದೇಶದವನಾಗಿ, ನಮ್ಮದೇ ಭಾಷೆಯಲ್ಲಿ ‘ತಮ್ಮಾ’ ಎಂದು ಕರೆದು ಹೇಳಿದರೆ?

ಆದ್ದರಿಂದ ಹೊರಡುವ ಮುನ್ನ ಕೆಲವು ಮಾತುಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮೊದಲನೆಯದು, ‘ಮಾಲೀಕ ಹೇಳಿದ, ನಾನು ಓಡಿಸಿದೆ’ ಎಂಬ ಸಮಜಾಯಿಷಿ ಈ ದೇಶಗಳಲ್ಲಿ ಚಾಲಕನನ್ನು ಕಾಪಾಡದು. ಸರಪಳಿಯಲ್ಲಿ ಬೇರೆಯವರನ್ನು ಸೇರಿಸುವುದು ಚಾಲಕನನ್ನು ಹೊರಗೆ ಬಿಡುವುದಕ್ಕಲ್ಲ. ಎರಡನೆಯದು, ಹೇರಿದ ಮೇಲೆ ತೂಕದ ಚೀಟಿ ಕೇಳುವುದು ಚಾಲಕನ ಹಕ್ಕೂ ಹೌದು, ಕರ್ತವ್ಯವೂ ಹೌದು. ಚೀಟಿಯಿಲ್ಲದ ಸರಕಿಗೆ ‘ಅಂದಾಜು ಇಷ್ಟು’ ಎಂಬ ಮಾತನ್ನು ನಂಬಬಾರದು. ಮೂರನೆಯದು, ಕೆಲಸದ ಡೈರಿಯನ್ನು ಸುಳ್ಳು ಬರೆಯಬಾರದು. ಆಸ್ಟ್ರೇಲಿಯಾದ ಸಾಮಾನ್ಯ ನಿಯಮದಂತೆ ಒಬ್ಬನೇ ಓಡಿಸುವ ಚಾಲಕ 24 ಗಂಟೆಗಳಲ್ಲಿ 12 ಗಂಟೆ ಮಾತ್ರ ದುಡಿಯಬಹುದು. ಏಳು ಗಂಟೆ ಎಡೆಬಿಡದ ವಿಶ್ರಾಂತಿ ಕಡ್ಡಾಯ. ಮಿತಿ ಮೀರುವಂತೆ ಓಡಿಸಲು, ನಿದ್ದೆಗೆಟ್ಟು ಓಡಿಸಲು ಒತ್ತಾಯಿಸುವುದು ಕಾನೂನಿನ ಪ್ರಕಾರ ಒತ್ತಾಯಿಸಿದವನ ಅಪರಾಧ. ಹೆಸರು ಗುಟ್ಟಾಗಿಟ್ಟು ದೂರು ಕೊಡುವ ದೂರವಾಣಿಯನ್ನು ರಾಷ್ಟ್ರೀಯ ನಿಯಂತ್ರಕ ಸಂಸ್ಥೆಯೇ ನಡೆಸುತ್ತದೆ. ನಾಲ್ಕನೆಯದು, ಟಾರ್ಪಾಲು, ಹಗ್ಗ, ಪಟ್ಟಿ, ಸರಪಳಿಗಳನ್ನು ಬಿಗಿಯುವ ಕೆಲಸವನ್ನು ಕ್ಲೀನರ್ ಮಾಡುತ್ತಾನೆ ಎಂಬ ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಬರಬೇಕು. ಇಲ್ಲಿ ಕ್ಲೀನರ್ ಇರುವುದಿಲ್ಲ. ಹಾರಾಡಿದ ಒಂದು ಟಾರ್ಪಾಲು ಏನು ಮಾಡಿತೆಂಬುದಕ್ಕೆ ಹಂಬೋಲ್ಟ್ ಸಾಕ್ಷಿ.

ಕೊನೆಯದಾಗಿ, ತರಬೇತಿಯಲ್ಲಿ ಅಡ್ಡದಾರಿ ಹಿಡಿಯಬಾರದು. ಹಂಬೋಲ್ಟ್ ದುರಂತದ ನಂತರ ಸಸ್ಕಾಚೆವಾನ್ ಮತ್ತು ಆಲ್ಬರ್ಟಾ ಪ್ರಾಂತ್ಯಗಳು 2019ರ ಮಾರ್ಚ್‌ನಲ್ಲಿ ಸೆಮಿಟ್ರೈಲರ್ ಚಾಲಕರಿಗೆ ಕನಿಷ್ಠ ತರಬೇತಿಯನ್ನು ಕಡ್ಡಾಯ ಮಾಡಿದವು. ಸಸ್ಕಾಚೆವಾನ್‌ನಲ್ಲಿ ಅದು 121.5 ಗಂಟೆ. ಒಂಟಾರಿಯೊ 2017ರಲ್ಲೇ ಈ ನಿಯಮ ತಂದಿತ್ತು. ಇಷ್ಟು ಗಂಟೆಗಳನ್ನು ಕಾಗದದಲ್ಲಿ ತುಂಬಿಸಿ ಕೊಡುತ್ತೇವೆ ಎನ್ನುವ ‘ಸ್ಕೂಲ್’ಗಳು ಸಿಕ್ಕರೆ ಅಲ್ಲಿಂದ ಎದ್ದು ಬರುವುದೇ ಲೇಸು. ಮಂಜು ಬಿದ್ದ ರಸ್ತೆಯಲ್ಲಿ ನಲವತ್ತು ಟನ್ ನಿಲ್ಲಿಸುವ ವಿದ್ಯೆಯನ್ನು ಸರ್ಟಿಫಿಕೇಟು ಕಲಿಸದು.

ಹೊರಗೆ ಕಂಡದ್ದನ್ನು ಊರಿಗೆ ಹೇಳುವಾಗ ಗರ್ವ ಬೇಡ. ಆದರೆ ಹೇಳದೆ ಇರುವುದೂ ಸರಿಯಲ್ಲ. 2024ರ ಜನವರಿಯ ಮೊದಲ ದಿನಗಳಲ್ಲಿ ಭಾರತದಾದ್ಯಂತ ಟ್ರಕ್ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್, ಅಜಾಗರೂಕ ಚಾಲನೆಯಿಂದ ಸಾವು ಸಂಭವಿಸಿದಾಗ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳಿತ್ತು. ಚಾಲಕರ ಅಳಲು ಏನೆಂದರೆ, ನಿಂತರೆ ಗುಂಪು ಬಡಿದು ಕೊಲ್ಲುತ್ತದೆ, ಓಡಿದರೆ ಹತ್ತು ವರ್ಷ. ಆ ಭಯ ಸುಳ್ಳಲ್ಲ. ಆದರೆ ಆ ಇಡೀ ಚರ್ಚೆಯಲ್ಲಿ ಸರಕು ಹೇರಿಸಿದವನ ಹೆಸರು ಬರಲೇ ಇಲ್ಲ. ಚಾಲಕನ ಶಿಕ್ಷೆ ಎಷ್ಟಿರಬೇಕೆಂದು ದೇಶವೆಲ್ಲ ವಾದಿಸಿತು. ಅವನ ಲಾರಿಯ ಮೇಲೆ ಹತ್ತು ಟನ್ ಹೆಚ್ಚಿಗೆ ಹೇರಿ, ನಿದ್ದೆಗೆಡಿಸಿ ಕಳಿಸಿದವನ ಶಿಕ್ಷೆ ಏನೆಂದು ಕೇಳಿದವರು ಕಡಿಮೆ.

ಸರ್ಕಾರ ಮಾಡಬಹುದಾದದ್ದು ಅಸಾಧ್ಯವಾದುದೇನಲ್ಲ. ಹೆದ್ದಾರಿಯ ಹಲವು ಟೋಲ್‌ಗಳಲ್ಲಿ ಚಲಿಸುವಾಗಲೇ ತೂಗುವ ಯಂತ್ರಗಳಿವೆ. ಅವುಗಳ ದಾಖಲೆ ಕ್ವಾರಿ, ಮರಳು ಯಾರ್ಡ್, ಕಾರ್ಖಾನೆಯ ಗೇಟಿನ ಬಿಲ್ಲಿನೊಡನೆ ಹೊಂದಿಕೊಳ್ಳುತ್ತದೆಯೇ ಎಂದು ನೋಡಬಹುದು. ಹೆಚ್ಚು ಹೇರಿದ ಲಾರಿ ಸಿಕ್ಕಾಗ ಚಾಲಕನ ಲೈಸೆನ್ಸ್ ಕಸಿಯುವುದಕ್ಕಿಂತ ಮೊದಲು ಹೇರಿದ ಸ್ಥಳಕ್ಕೆ ನೋಟಿಸ್ ಹೋಗಬಹುದು. ‘ಓಡಿಸಲು ಕಾರಣನಾದವನು’ ಎಂದು ಕಾಯ್ದೆಯಲ್ಲಿ ಈಗಾಗಲೇ ಇರುವ ಮಾತಿಗೆ ಜೀವ ಕೊಡಬಹುದು. ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕೆಂಬ ನಿಯಮವನ್ನು ದಂಡ ಕಟ್ಟಿದ ಕೂಡಲೆ ಮರೆಯುವ ಪದ್ಧತಿ ನಿಲ್ಲಬಹುದು. ದಂಡ ಕಟ್ಟಿದರೆ ಲಾರಿಯ ತೂಕ ಒಂದು ಕಿಲೋ ಕೂಡ ಇಳಿಯುವುದಿಲ್ಲವಲ್ಲ!

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಮಿತಿಯಲ್ಲೇ ಹೇರಿದರೆ ಬಾಡಿಗೆ ಏರುತ್ತದೆ, ಜಲ್ಲಿ ಮರಳಿನ ಬೆಲೆ ಏರುತ್ತದೆ, ಒಂದೇ ಲಾರಿ ಇಟ್ಟುಕೊಂಡು ಕಂತು ಕಟ್ಟುವ ಸಣ್ಣ ಮಾಲೀಕ ಸಾಯುತ್ತಾನೆ ಎಂದು. ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಸಣ್ಣ ಮಾಲೀಕ ಇಂದು ಹೆಚ್ಚು ಹೇರುವುದು ಪಕ್ಕದವನೂ ಹೇರುತ್ತಾನೆಂಬ ಕಾರಣಕ್ಕೆ. ಬಾಡಿಗೆ ಕುಸಿದಿರುವುದೂ ಅದೇ ಕಾರಣಕ್ಕೆ. ಎಲ್ಲರಿಗೂ ಒಂದೇ ತಕ್ಕಡಿಯಾದರೆ ಪ್ರಾಮಾಣಿಕನಿಗೆ ನಷ್ಟವಾಗದು. ಆ ಬೆಲೆಯನ್ನು ನಾವು ಈಗಲೂ ಕೊಡುತ್ತಲೇ ಇದ್ದೇವೆ, ಬೇರೆ ಖಾತೆಯಲ್ಲಿ: ಕಿತ್ತುಹೋದ ರಸ್ತೆ, ಬಿರುಕುಬಿಟ್ಟ ಸೇತುವೆ, ಆಸ್ಪತ್ರೆಯ ಬಿಲ್ಲು, ಅನಾಥವಾದ ಮನೆಗಳು.

ಊರಿನಲ್ಲಿರುವ ತಂದೆ ತಾಯಂದಿರಿಗೂ ಅಣ್ಣ ಅಕ್ಕಂದಿರಿಗೂ ಒಂದು ಮಾತು. ನಿಮ್ಮ ಹುಡುಗ ಇಲ್ಲಿ ಲಾರಿ ಓಡಿಸುತ್ತಿದ್ದರೆ, ತಿಂಗಳ ಕೊನೆಗೆ ಫೋನು ಮಾಡಿದಾಗ ಹಣ ಬಂತೇ ಎಂದು ಕೇಳುವ ಮೊದಲು ನಿದ್ದೆ ಮಾಡಿದೆಯಾ ಎಂದು ಕೇಳಿ. ಒಂದು ದಿನ ಅವನು, ‘ಲೋಡು ಹೆಚ್ಚಿತ್ತು, ತೆಗೆದುಕೊಂಡು ಹೋಗುವುದಿಲ್ಲ ಅಂದೆ, ಈ ವಾರ ಕೆಲಸ ಕೊಟ್ಟಿಲ್ಲ’ ಎಂದು ಹೇಳಬಹುದು. ಸಾಲದ ಕಂತು ಕಣ್ಣ ಮುಂದೆ ಬಂದು ನಿಮಗೆ ಗಾಬರಿಯಾಗುವುದು ಸಹಜ. ‘ಹೊಂದಿಕೊಂಡು ಹೋಗಬಾರದಿತ್ತೇ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ಆಡಬೇಡಿ. ಸಾವಿರಾರು ಮೈಲಿ ದೂರದಲ್ಲಿ, ಸಾಲದ ನಡುವೆ, ಮಾಲೀಕನ ಎದುರು ಒಬ್ಬನೇ ನಿಂತು ಅವನು ‘ಇಲ್ಲ’ ಎಂದಿದ್ದಾನೆ. ಆ ವಾರದ ಸಂಬಳ ಮುಂದಿನ ವಾರ ಇನ್ನೊಂದು ಕಡೆ ದುಡಿದರೆ ಬಂದೀತು. ಸರಿಯಾಗಿ ಮಾಡಿದೆ, ಮಗನೇ ಎಂದು ಮನೆಯವರ ಬಾಯಿಂದ ಕೇಳಿದರೆ ಮುಂದಿನ ಸಲವೂ ಅವನು ಹಾಗೆಯೇ ಹೇಳುತ್ತಾನೆ.